ಎರಡು ಮಹಡಿಯ ಪರೀಕ್ಷೆ

ನಮ್ಮ ಕಟ್ಟಡದ ಲಿಫ್ಟ್ ಮೆಕ್ಯಾನಿಕ್ ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ. ಅವನ ಹಿಂದೆಯೇ ಅವನ ಅಕ್ಕ ಗಂಟುಮೂಟೆ ಸಮೇತ ಬಂದು ಆಡಳಿತ ವಹಿಸಿಕೊಂಡಳು. ತಮ್ಮನನ್ನು ಗಾಜಿನ ಭರಣಿಯ ಹಾಗೆ ದಿಂಬುಗಳ ನಡುವೆ ಕೂರಿಸಿದಳು. ಊಟದಲ್ಲಿ ಉಪ್ಪು ಹೋಯಿತು, ಟಿ.ವಿ.ಯಲ್ಲಿ ಹೊಡೆದಾಟ ಹೋಯಿತು, ಕೊನೆಗೆ ಹೆಂಡತಿಯೂ ಹೋದಳು. ದೂರವೇನಲ್ಲ, ಹಾಲ್‌ನ ಸೋಫಾಕ್ಕೆ. ಕೋಣೆಯಲ್ಲಿ ಕಾವಲಿಗೆ ಅಕ್ಕನೇ ಚಾಪೆ ಹಾಸಿದಳು.

"ಆ ವಿಷಯ ಇನ್ನು ಮರೆತುಬಿಡಿ. ಜೀವ ಇದ್ರೆ ಬೇಡ್ಕೊಂಡಾದ್ರೂ ತಿನ್ನಬಹುದು" ಎಂದು ಇಬ್ಬರಿಗೂ ಅಪ್ಪಣೆಯಾಯಿತು.

"ಅವಳು ಪಕ್ಕದಲ್ಲಿಲ್ದೆ ನಿದ್ದೆ ಬರಲ್ಲ ಕಣಯ್ಯಾ. ನಾನು ಬದುಕಿ ಬಂದಿದ್ದು ದಿಂಬು ತಬ್ಕೊಳ್ಳೋಕಾ?" ಎಂದು ಅವನು ನನ್ನೆದುರು ಅತ್ತೇಬಿಟ್ಟ.

"ಡಾಕ್ಟ್ರನ್ನ ಕೇಳೋದಕ್ಕೇನು ದಾಡಿ?"

"ಅಕ್ಕನ ಎದುರಿಗೆ ಹೇಗೋ ಕೇಳ್ಲಿ?"

ನೂರಾರು ಲಿಫ್ಟ್‌ಗಳ ಹೊಟ್ಟೆ ಬಗೆದ ಗಂಡಸಿಗೆ ಅಕ್ಕನ ಮುಂದೆ ಬಾಯಿ ಬರದು. ನನಗಂತೂ ಮೈಯೆಲ್ಲ ಉರಿಯಿತು.

ಮುಂದಿನ ತಪಾಸಣೆಗೆ ಕಾರು ನನ್ನದು, ಆದ್ದರಿಂದ ಡಾಕ್ಟರ ಕೋಣೆಯೊಳಗೆ ನಾನೂ ಹಾಜರ್. ರೋಗ ಒಬ್ಬರದು, ಮೆರವಣಿಗೆ ಮನೆಮಂದಿಯದು. ಅಕ್ಕ ಎಣ್ಣೆ, ಮೊಟ್ಟೆ, ಫ್ಯಾನಿನ ಗಾಳಿ ಎಲ್ಲವನ್ನೂ ವಿಚಾರಿಸಿದಳು.

"ಇನ್ನೇನಾದ್ರೂ ಇದೆಯಾ?" ಎಂದರು ಡಾಕ್ಟರು. ಮೆಕ್ಯಾನಿಕ್ ತನ್ನ ಚಪ್ಪಲಿ ನೋಡಿಕೊಂಡ. ಅಷ್ಟು ಹೊತ್ತೂ ತುಟಿ ಪಿಟಕ್ಕೆನ್ನದ ಹೆಂಡತಿ ತಲೆಯೆತ್ತಿದಳು.

"ಡಾಕ್ಟ್ರೇ, ಇವ್ರೂ ನಾನೂ ಗಂಡ ಹೆಂಡ್ತಿಯಾಗಿ ಮೊದಲಿನ ಥರ ಕೂಡಬಹುದಾ?"

ಅಕ್ಕ ಕಿವಿ ಮುಚ್ಚಿಕೊಂಡಳು. ನಾನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಇದನ್ನ ಮೊದಲೇ ಕೇಳೋದಲ್ವೇನಮ್ಮಾ? ರಿಪೋರ್ಟ್ ಚೆನ್ನಾಗಿದೆ. ಎದೆನೋವು, ಏದುಸಿರು ಇಲ್ದೆ ಎರಡು ಮಹಡಿ ಮೆಟ್ಟಿಲು ಹತ್ತಿದ್ರೆ ಧಾರಾಳವಾಗಿ. ನೋವು ಬಂದ್ರೆ ಮಾತ್ರ ನಿಲ್ಸಿ, ತಕ್ಷಣ ಬನ್ನಿ."

ಕಾರಿನಲ್ಲಿ ಅಕ್ಕನಿಗೆ ಮತ್ತೆ ಜೀವ ಬಂತು. "ಇವನು ಮೆಟ್ಟಿಲು ತುಳಿದವನೇ ಅಲ್ಲ. ಲಿಫ್ಟ್ ಇರೋವಾಗ ನಾನು ಹತ್ತೋಕೂ ಬಿಡಲ್ಲ."

ಅವರ ಮನೆ ಎರಡನೇ ಮಹಡಿ. ಮೆಕ್ಯಾನಿಕ್ ಕಾರಿಳಿದವನೇ ಕೆಳಗಿನ ಸ್ವಿಚ್ ಕೋಣೆಗೆ ಹೋದ. ಕೈ ಒರೆಸಿಕೊಂಡು ಹೊರಬಂದು ಲಿಫ್ಟ್ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಹಲಗೆ ತಗುಲಿಹಾಕಿದ. ಆಮೇಲೆ ಹೆಂಡತಿಯ ಕೈ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದ. ಅಕ್ಕ ಬೈಯುತ್ತಾ ಬೆನ್ನಟ್ಟಿ ಮೊದಲ ತಿರುವಿನಲ್ಲೇ ಕುಸಿದು ಕೂತಳು. ಸುಳ್ಳೇಕೆ, ನಾನೂ ಪಕ್ಕದಲ್ಲೇ ಕೂತೆ.

"ಏದುಸಿರು ಬಂತೇನೋ?" ಎಂದು ಅವಳು ಕೂಗಿದಳು.

"ನಂಗಲ್ಲಕ್ಕಾ, ನಿಂಗೆ" ಎಂದಿತು ಮೇಲಿನ ದನಿ.

ನಾವು ಹೇಗೋ ತಲುಪುವಷ್ಟರಲ್ಲಿ ಅಕ್ಕನ ಚಾಪೆ ಅಚ್ಚುಕಟ್ಟಾಗಿ ಹಾಲ್‌ಗೆ ಬಂದಿತ್ತು. ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಮೆಕ್ಯಾನಿಕ್ ನಕ್ಕದ್ದು ಕೇಳಿಸಿತು. ಅಕ್ಕ ಬಾಗಿಲಿಗೆ ಕಿವಿಗೊಟ್ಟಳು.

"ಅವನು ನಗೋದು ಕೇಳಿ ಎಷ್ಟು ಕಾಲ ಆಗಿತ್ತು" ಎಂದು ಕಣ್ಣೊರೆಸಿಕೊಂಡು ಚಾಪೆ ಸುತ್ತತೊಡಗಿದಳು. "ಲಿಫ್ಟ್ ಯಾವಾಗ ಸರಿಹೋಗುತ್ತಂತೆ? ನಾನಿನ್ನು ಮನೆಗೆ ಹೊರಡ್ಬೇಕು."