ಮಗ್ಗ ನಿಂತ ಸಾಲು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರು ಏನೇ ಬರೆದು ಕೈಗೆ ಕೊಟ್ಟರೂ ಮೊದಲು ಅದನ್ನು ಓದುವುದಿಲ್ಲ, ಅಳೆಯುತ್ತೇನೆ. ವಾಕ್ಯ ಎಷ್ಟು ಉದ್ದ, ಒತ್ತಕ್ಷರ ಎಷ್ಟು, ಓದುವವನ ಉಸಿರು ಎಲ್ಲಿ ಕಟ್ಟುತ್ತದೆ ಎಂದು ಬೆರಳು ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗುತ್ತದೆ. ಮದುವೆಯ ಕರೆಯೋಲೆ ಬಂದರೆ ಮನೆಯವಳು ಮುಹೂರ್ತ ನೋಡುತ್ತಾಳೆ. ನಾನು 'ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ' ಎಂಬಲ್ಲೇ ಎಡವಿ ನಿಂತಿರುತ್ತೇನೆ. ಅಷ್ಟು ಕಷ್ಟದ ವಾಕ್ಯವನ್ನು ಈವರೆಗೆ ಯಾರೂ ಪೂರ್ತಿ ಓದಿದಂತಿಲ್ಲ. ಆದರೆ ಅದರಿಂದಾಗಿ ಯಾರೂ ಮದುವೆಯೂಟ ತಪ್ಪಿಸಿಕೊಂಡದ್ದೂ ಇಲ್ಲ.

ಸುಲಭವಾಗಿ ಬರೆದರೆ ಎಲ್ಲ ಸರಿಹೋಗುತ್ತದೆಯೇ ಎಂದರೆ ಅದೂ ಇಲ್ಲ. ತೆಲುಗು ನಾಡಿಗೆ ಸೇರಿದ ನಮ್ಮ ಹಿಂದೂಪುರದ ಬಸ್ ನಿಲ್ದಾಣದಲ್ಲಿ ಕಲ್ಯಾಣದುರ್ಗದ ಬಸ್ಸಿನ ಹಣೆಯ ಮೇಲೆ ಊರಿನ ಹೆಸರನ್ನು ತೆಲುಗಿನಲ್ಲಿ ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ ಬರೆದಿರುತ್ತಾರೆ. ಒಂದೇ ಪದ, ಗೊಂದಲಕ್ಕೆ ಎಡೆಯೇ ಇಲ್ಲ. ಸೆಟ್ಟೂರಿನ ಕಡೆಯ ಅಜ್ಜಿಯೊಬ್ಬಳು ಸರಿಯಾಗಿ ಅದರ ಕೆಳಗೇ ನಿಂತು "ಇದು ಕಲ್ಯಾಣದುರ್ಗಕ್ಕೆ ಹೋಯ್ತದೇನಪ್ಪ?" ಎನ್ನುತ್ತಾಳೆ. ಪಾಪ, ಓದು ಬರದು ಎಂದುಕೊಳ್ಳುವಷ್ಟರಲ್ಲಿ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡ ಮಹಾಶಯರೊಬ್ಬರು ಬಂದು "ಕಲ್ಯಾಣದುರ್ಗಂ ಪೋತುಂದಾ?" ಎಂದು ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳುತ್ತಾರೆ. ಕಂಡಕ್ಟರು ಇಬ್ಬರಿಗೂ "ಎಕ್ಕಂಡಿ, ಎಕ್ಕಂಡಿ" ಎಂದು ಹತ್ತಿಸಿಕೊಳ್ಳುತ್ತಾನೆ. ಮನುಷ್ಯನಿಗೆ ಬರೆದದ್ದು ತಿಳಿದರೆ ಸಾಲದು, ಒಂದು ಬಾಯಿ ಅದನ್ನು ಹೌದೆನ್ನಬೇಕು. ನಾನೂ ಬೋರ್ಡು ಓದಿಯೇ ಹತ್ತುತ್ತೇನೆ, ಕೂತ ಮೇಲೆ ಪಕ್ಕದವರನ್ನು ಮೆಲ್ಲಗೆ ಕೇಳುತ್ತೇನೆ.

ಈ ಅಳತೆಯ ಕಾಯಿಲೆ ನನಗೆ ಹತ್ತಿದ್ದು ತೊಂಬತ್ತರ ದಶಕದ ಮೊದಲಲ್ಲಿ, ಊರೂರಿಗೂ ಅಕ್ಷರ ಕಲಿಸುವ ಗಾಳಿ ಬೀಸಿದಾಗ. ಹಿಂದೂಪುರದಲ್ಲಿ ಕನ್ನಡ ಮೇಷ್ಟ್ರಾಗಿದ್ದ ನನಗೆ, ಗಡಿಯ ಕನ್ನಡದವರಿಗಾಗಿ ಒಂದು ಪುಟ್ಟ ಪುಸ್ತಕ ಬರೆಯುವ ಕೆಲಸ ಬಂತು. ವಿಷಯ ಶುದ್ಧ ನೀರು. ಓದುವವರು ಆಗಷ್ಟೇ ಅಕ್ಷರ ಕಲಿತ ದೊಡ್ಡವರು. ಅದಕ್ಕೊಂದು ತರಬೇತಿಯೂ ಆಯಿತು. ತರಬೇತಿ ಕೊಡಲು ಬಂದವರು ಬಹಳ ಒಳ್ಳೆಯ ಮನುಷ್ಯ, "ಸಿಂಪುಲ್‌ಗಾ ಉಂಡಾಲಿ ಮಾಸ್ಟಾರೂ, ಸಿಂಪುಲ್‌ಗಾ!" ಎಂದು ಉಸಿರಿಗೊಮ್ಮೆ ಹೇಳುತ್ತಿದ್ದರು. ಸರಳವಾಗಿರಲಿ ಎಂದು ಅರ್ಥ. ವಾಕ್ಯದಲ್ಲಿ ಪದಗಳು ಒಂದು ಕೈಯ ಐದು ಬೆರಳು ಮೀರಬಾರದು, ಒತ್ತಕ್ಷರ ಊಟದಲ್ಲಿ ಉಪ್ಪಿನಕಾಯಿಯಷ್ಟೇ ಇರಬೇಕು, ಪುಟಪುಟಕ್ಕೂ ಎಷ್ಟು ಕಷ್ಟವೆಂದು ಅಂಕ ಹಾಕಿ ನೋಡಬೇಕು ಎಂಬುದು ಅವರ ಲೆಕ್ಕ.

ನಾನು ಭಕ್ತಿಯಿಂದ ಕಲಿತೆ. ಕಲಿಯುತ್ತ ಕಲಿಯುತ್ತ ಕಿಟಕಿಯಾಚೆ ನೋಡಿ ಕನಸಿಗೂ ಜಾರಿದೆ. ನಮ್ಮ ಕನ್ನಡದಲ್ಲಿ 'ಹೋಗಬೇಕಾಗಿತ್ತಂತೆ' ಎಂಬುದು ಲೆಕ್ಕಕ್ಕೆ ಒಂದೇ ಪದ. ಅದರೊಳಗೆ ಹೋಗಬೇಕಿದ್ದವನೊಬ್ಬನಿದ್ದಾನೆ, ಆಗದೇ ಹೋದ ಪ್ರಯಾಣವಿದೆ, ಜಗಲಿಯಲ್ಲಿ ಕೂತು ಅದನ್ನು ನಮಗೆ ತಿಳಿಸುತ್ತಿರುವ ಪಕ್ಕದ ಮನೆಯವಳೂ ಇದ್ದಾಳೆ. ಇಷ್ಟು ಜನರಿಗೆ ಒಂದೇ ಅಂಕ ಹೇಗೆ ಸಾಕಾದೀತು? ಹಾಗೇ ಬೆಳುಗುಪ್ಪದ ದಾರಿಯಲ್ಲಿ ಹೊಲದ ಬದುವಿಗೆ ಒರಗಿ ನಿಂತಿದ್ದ ಒಂದು ಹಳೆಯ ಶಾಸನದ ಕಲ್ಲು ಕಣ್ಣ ಮುಂದೆ ಬಂತು. ಕೆಳಗೆ ಪಂಡಿತರಿಗೂ ಬೆವರು ಬರಿಸುವ ಹಳಗನ್ನಡ. ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುತ್ತಿರುವ ಹಸು. ಸೂರ್ಯಚಂದ್ರರು ಇರುವ ತನಕ ಈ ದಾನ ನಡೆಯಲಿ ಎಂಬುದು ಅಕ್ಷರ ಬಾರದ ಕುರಿಗಾಹಿಗೂ ತಿಳಿಯಬೇಕು. ಕಲ್ಲು ಕೆತ್ತಿದ ಪುಣ್ಯಾತ್ಮ ಯಾವ ತರಬೇತಿಗೂ ಹೋಗಿರಲಾರ. ಈಗ ಆ ಕಲ್ಲಿಗೆ ಆಡುಗಳು ಮೈ ತಿಕ್ಕಿಕೊಳ್ಳುತ್ತವೆ, ಅವುಗಳಿಗೂ ಅದರಿಂದ ಏನೋ ಲಾಭವಿದೆ.

ನನ್ನ ಪುಸ್ತಕಕ್ಕೆ ಓದುಗರು ಎಲ್ಲೋ ದೂರದಲ್ಲಿರಲಿಲ್ಲ. ನನ್ನ ಅಕ್ಕ ಗೌರಮ್ಮನೇ ಇದ್ದಳು. ನಮ್ಮದು ನೇಯುವವರ ಮನೆ. ನಾನು ಚಿಕ್ಕವನಿದ್ದಾಗ ಶಾಲೆಗೆ ಹೋದೆ, ಅಕ್ಕ ಮನೆಯಲ್ಲಿ ಕೂತು ನೂಲು ಸುತ್ತಿದಳು. ಅವಳು ಸುತ್ತಿದ ನೂಲಿನಿಂದಲೇ ನನ್ನ ಓದು ನಡೆಯಿತೆಂಬುದು ನಮ್ಮಿಬ್ಬರಿಗೂ ಗೊತ್ತು, ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಕಲ್ಯಾಣದುರ್ಗಕ್ಕೆ ಮದುವೆಯಾಗಿ ಹೋದ ಮೇಲೆ ಅಲ್ಲಿಯೂ ಮಗ್ಗ. ತಲೆಯಲ್ಲಿ ಬಿಳಿ ಕೂದಲು ಇಣುಕುವ ಹೊತ್ತಿಗೆ ಅವಳು ಸಂಜೆಯ ಅಕ್ಷರದ ತರಗತಿಗೆ ಸೇರಿದಳು. ಸೇರಿದವಳು ನನಗೊಂದು ಮಾತು ಹೇಳಿದ್ದಳು: "ಒಂದೇ ಒಂದು ಪುಸ್ತಕ ನಾನೇ ಕೂತ್ಕಂಡು ಓದ್ತೀನಿ ಕಣೋ. ಆಗ್ಲಿಲ್ಲ ಅಂದ್ರೆ ನಮ್ಮ ಹಣೇಲಿ ಬರ್ದಿಲ್ಲ ಅಂತ ಬಿಟ್ಬುಡ್ತೀನಿ."

ನನಗೆ ಭಯ ಹತ್ತಿತು. ಆ ಒಂದು ಪುಸ್ತಕ ನನ್ನದೇ ಆಗಲಿತ್ತು. ಅದು ಕಷ್ಟವಾದರೆ ಅಕ್ಕ ಅಕ್ಷರವನ್ನೇ ಬಿಡುತ್ತಾಳೆ, ಮತ್ತೆಂದೂ ಅತ್ತ ತಿರುಗುವುದಿಲ್ಲ. ಅವಳ ಹಟ ನನಗೆ ಗೊತ್ತು. ಆದ್ದರಿಂದ ಬೇಸಿಗೆ ರಜೆಯಲ್ಲಿ ಕೈಬರಹದ ಪ್ರತಿ ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ಅಚ್ಚಿಗೆ ಹೋಗುವ ಮೊದಲೇ ಅವಳಿಗೆ ಓದಿ ಹೇಳಿ, ತಿಳಿಯದ ಕಡೆಯೆಲ್ಲ ತಿದ್ದಿಬಿಡುವುದು ನನ್ನ ಉಪಾಯ.

ಮಗ್ಗದ ಮನೆಯಲ್ಲಿ ನೆಂಟರು ಬಂದರೆಂದು ಕೆಲಸ ನಿಲ್ಲಿಸುವ ಪದ್ಧತಿಯಿಲ್ಲ. ಬಂದವರು ಮಗ್ಗದ ಪಕ್ಕ ಕೂರಬೇಕು, ಆ ಸದ್ದಿನ ನಡುವೆಯೇ ಮಾತಾಡಬೇಕು. ಅಕ್ಕ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು, ನಾನು ಗೋಡೆಗೆ ಒರಗಿ ಓದುತ್ತಿದ್ದೆ. ಹೊರಗೆ ಬಿಸಿಲು ಬೆಳ್ಳಗೆ ಸುರಿಯುತ್ತಿತ್ತು. ಗವಾಕ್ಷಿಯಿಂದ ಇಳಿದ ಬೆಳಕಿನ ಕೋಲಿನಲ್ಲಿ ನೂಲಿನ ಧೂಳು ಅವಸರವಿಲ್ಲದೆ ತೇಲುತ್ತಿತ್ತು. ಲಾಳಿ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ನನ್ನದೊಂದು ವಾಕ್ಯ ಮುಗಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಓದುತ್ತಿರುವುದು ನಾನೋ ಮಗ್ಗವೋ ತಿಳಿಯದ ಹಾಗೆ ಮಂಪರು ಕವಿಯಿತು. ಆ ಮಂಪರಿನಲ್ಲೇ ನನಗೊಂದು ದೊಡ್ಡ ಸಂಗತಿ ಹೊಳೆಯಿತು. ಅಂಕ ಗಿಂಕ ಏಕೆ, ಮಗ್ಗವೇ ಅಳತೆ! ಓಡುತ್ತಿದ್ದರೆ ತಿಳಿಯಿತು, ನಿಂತರೆ ತಿಳಿಯಲಿಲ್ಲ. ನಿಂತಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದೆ.

'ಪರಿಸರ ನೈರ್ಮಲ್ಯ' ಎಂದೆ, ಮಗ್ಗ ನಿಂತಿತು. "ಅದ್ಯಾವೂರ್ಲಾ, ಕಂಬದೂರಿನ ಆಚೇನಾ?" ಎಂದು ಅಕ್ಕ ಕೇಳಿದಳು. ಗೆರೆ ಎಳೆದೆ. 'ಆಡು ಕೆರೆಗೆ ಬಂತು' ಎಂದೆ, ಅಲ್ಲೂ ನಿಂತಿತು. ಆಡಿನಲ್ಲಿ ಏನು ಕಷ್ಟವೋ ಎಂದು ಅದಕ್ಕೂ ಗೆರೆ ಎಳೆದೆ. ಎಳೆ ಹರಿದಿತ್ತೆಂದೂ ಅಕ್ಕ ಗಂಟು ಹಾಕುತ್ತಿದ್ದಳೆಂದೂ ಆಮೇಲೆ ತಿಳಿಯಿತು. ಅಷ್ಟರಲ್ಲಿ ಬಡಪಾಯಿ ಆಡು ಪುಸ್ತಕದಿಂದ ಹೊರಟುಹೋಗಿತ್ತು.

ನೀರು ಸೋಸುವ ಪುಟ ಬಂತು. ಅಲ್ಲಿ ನಾನು ನಮ್ಮ ಅಮ್ಮನನ್ನು ತಂದಿದ್ದೆ. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ್ಗದಿಂದ ಇಳಿಸಿದ ಸೀರೆಯ ಕೊನೆಯಲ್ಲಿ ಉಳಿಯುವ ತುಂಡು ಬಟ್ಟೆಯನ್ನು ಬಿಂದಿಗೆಯ ಬಾಯಿಗೆ ಹಿಡಿದು ಅವಳು ನೀರು ಸೋಸುತ್ತಿದ್ದಳು. ಆಮೇಲೆ ಹೀಗೆ ಬರೆದಿದ್ದೆ: 'ನಾನು ಬೀದಿಯಲ್ಲಿ ಆಡಿ ಬಂದಿರುತ್ತಿದ್ದೆ. ಅಕ್ಕ ನೂಲಿನ ಮುಂದಿನಿಂದ ಎದ್ದು ಬಂದಿರುತ್ತಿದ್ದಳು. ಅಮ್ಮ ಆ ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತಿದ್ದಳು, ಮೊದಲು ಅಕ್ಕನದು, ಆಮೇಲೆ ನನ್ನದು. ಒರೆಸಿ, ಬಟ್ಟೆ ಹಿಂಡಿ, ಎದ್ದು ಒಳಗೆ ಹೋಗುತ್ತಿದ್ದಳು.'

ಮಗ್ಗ ನಿಂತಿತು. ಎಷ್ಟೋ ಹೊತ್ತು ನಿಂತೇ ಇತ್ತು. ಅಕ್ಕ ಏನೂ ಕೇಳಲಿಲ್ಲ, ಎಳೆಯೂ ಹರಿದಿರಲಿಲ್ಲ. ನಾನು ತಲೆ ಎತ್ತಿ ನೋಡಬಹುದಿತ್ತು. ನೋಡಲಿಲ್ಲ, ಆ ಅಷ್ಟೂ ಸಾಲುಗಳ ಪಕ್ಕ ಉದ್ದಕ್ಕೆ ಗೆರೆ ಎಳೆದೆ.

ಪುಸ್ತಕ ತೆಳ್ಳಗೆ ಅಚ್ಚಾಗಿ ಬಂತು. ಸಿಂಪುಲ್ಲಿನ ಗುರುಗಳು ಬೆನ್ನು ತಟ್ಟಿದರು. ಬಿಸಿಬಿಸಿ ಪ್ರತಿ ಹಿಡಿದು ಮತ್ತೆ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಹೊಸಿಲ ಬಳಿ ಬೆಳಕಿಗೆ ಕೂತಳು. ಬೆರಳಿಟ್ಟು ಓದಿದಳು. ಅಮ್ಮ ನೀರು ತಂದಳು. ಅಮ್ಮ ನೀರು ಸೋಸಿದಳು. ನಾವು ಸೋಸಿದ ನೀರು ಕುಡಿದೆವು. ಎಲ್ಲೂ ಎಡವದೆ, ಎಲ್ಲೂ ನಿಲ್ಲದೆ ಕೊನೆಯ ಪುಟ ಮುಟ್ಟಿದಳು. ನನಗೆ ಎದೆ ಉಬ್ಬಿ ಕುಣಿಯುವಂತಾಯಿತು.

"ಮುಗೀತಾ?" ಎಂದಳು ಅಕ್ಕ.

"ಮುಗೀತು ಕಣಕ್ಕ! ಒಂದು ಪುಸ್ತಕ ಪೂರ್ತಿ ಓದ್ಬುಟ್ಟೆ ನೀನು."

"ಊಂ. ಓದಕ್ಕೆ ಬಂತು, ಸಾಕು ಬಿಡು. ನಾಳಿಂದ ಆ ಕ್ಲಾಸಿಗೆ ಹೋಗಲ್ಲ." ಪುಸ್ತಕವನ್ನು ಗೂಡಿನಲ್ಲಿ ಅರಿಸಿನದ ಡಬ್ಬಿಯ ಪಕ್ಕ ಇಟ್ಟಳು. ಗೆದ್ದವರ ಮುಖ ಅದಲ್ಲ. ಕಷ್ಟವಾದರೆ ಬಿಟ್ಟಾಳೆಂದು ಹೆದರಿದ್ದೆ, ಸುಲಭವಾದದ್ದಕ್ಕೇ ಬಿಡುತ್ತಿದ್ದಳು.

ಒಳಗೆ ಹೋಗುತ್ತಿದ್ದವಳು ತಿರುಗಿ ನಿಂತು ಕೇಳಿದಳು: "ಅವತ್ತು ಮಗ್ಗದ ಹತ್ರ ಓದಿದ್ಯಲ್ಲ, ಅಮ್ಮ ಮುಖ ಒರ್ಸೋದು. ಅದೆಲ್ಲೋಯ್ತು?"

"ಅಲ್ಲಿ ನೀನು ಮಗ್ಗ ನಿಲ್ಲಿಸ್ಬುಟ್ಟೆಯಲ್ಲಕ್ಕ. ತಿಳೀಲಿಲ್ಲ ಅನ್ಕಂಡು ತೆಗ್ದೆ."

"ತಿಳೀದೇ ಇದ್ರೆ ಕೇಳ್ತಿರ್ಲಿಲ್ವೇನ್ಲಾ? ಮಗ್ಗದ ಮನೇಲಿ ಹುಟ್ಟಿ, ನಿಂಗೆ ಅಷ್ಟೂ ಗೊತ್ತಾಗ್ಲಿಲ್ವಾ? ಆವತ್ತು ನಂಗೆ ಎಳೆನೇ ಕಾಣ್ಲಿಲ್ಲ ಕಣೋ, ಕಣ್ಣು ತುಂಬ್ಕಂಬುಟ್ಟಿದ್ವು."

ನಾಚಿಕೆಯಾಯಿತು, ಅದರೊಡನೆ ವಿಚಿತ್ರವಾದ ಸಂತೋಷವೂ ಆಯಿತು. ಗೂಡಿನಿಂದ ಪುಸ್ತಕ ತೆಗೆದು, ರಟ್ಟಿನ ಒಳಬದಿಯ ಖಾಲಿ ಜಾಗದಲ್ಲಿ ಆ ಸಾಲುಗಳನ್ನೆಲ್ಲ ಪೆನ್ನಿನಿಂದ ಬರೆದುಕೊಟ್ಟೆ. ಬೆರಳು ಮೀರಿದ ಪದಗಳನ್ನೂ ಎಲ್ಲ ಒತ್ತಕ್ಷರಗಳನ್ನೂ ಇದ್ದ ಹಾಗೇ ಬಿಟ್ಟೆ. ಅಕ್ಕ ಮತ್ತೆ ಹೊಸಿಲಿಗೆ ಬಂದು ಕೂತಳು. ಈ ಸಲ ಹೆಜ್ಜೆಹೆಜ್ಜೆಗೂ ಎಡವಿದಳು. 'ಒರೆಸುತ್ತಿದ್ದಳು' ಎಂಬುದನ್ನು ಬಿಡಿಸಲು ಹೆಣಗಿದಳು. ನಾನು ಬಾಯಿ ಹಾಕಲು ಹೋದರೆ "ಸುಮ್ಕಿರ್ಲಾ" ಎಂದು ಕೈಮೇಲೆ ಹೊಡೆದಳು. 'ಮೊದಲು ಅಕ್ಕನದು' ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಮುಂದೆ ಹೋಗಲಿಲ್ಲ, ಹಿಂದೆ ಬಂತು, ಮತ್ತೆ ಅದನ್ನೇ ಓದಿದಳು. ಹೊತ್ತು ಇಳಿಯುತ್ತಿತ್ತು, ನಾನು ಬಸ್ಸಿಗೆ ಹೊರಟೆ.

ಮುಂದಿನ ರಜೆಯಲ್ಲಿ ಹೋದಾಗ ಅಕ್ಕ ತರಗತಿ ಬಿಟ್ಟಿರಲಿಲ್ಲ. ಗೂಡಿನಲ್ಲಿ ಪುಸ್ತಕಗಳು ಹೆಚ್ಚಿ, ಅರಿಸಿನದ ಡಬ್ಬಿ ಮೂಲೆ ಸೇರಿತ್ತು. ಎಲ್ಲವನ್ನೂ ಓದಿ ಮುಗಿಸಿದ್ದಾಳೆಂದು ಭಾವ ಹೆಮ್ಮೆಯಿಂದ ಹೇಳಿದರು. ನನ್ನ ಪುಸ್ತಕದ ರಟ್ಟು ತಿರುವಿದೆ. ಬೆರಳಿನ ಅರಿಸಿನ ಹತ್ತಿ ಸಾಲುಗಳೆಲ್ಲ ಹಳದಿಯಾಗಿದ್ದವು, ಕೊನೆಯದೊಂದು ಮಾತ್ರ ಬೆಳ್ಳಗಿತ್ತು.

"ಯಾಕಕ್ಕ, ಇದೊಂದು ಸಾಲು ಕಷ್ಟ ಆಯ್ತಾ?"

ಅಕ್ಕ ಮಗ್ಗ ನಿಲ್ಲಿಸಿದಳು.

"ಕಷ್ಟ ಏನಿಲ್ಲ ಕಣೋ. ಅದೊಂದು ಓದ್ಬುಟ್ರೆ ಅಮ್ಮ ಎದ್ದು ಒಳಕ್ಕೆ ಹೋಗ್ಬುಡ್ತಾಳೆ."