ಕಳ್ಳಕವಟಗಿ ಏರಿನಲ್ಲಿ ಎರಡು ಸಲ

ಏರಿನಲ್ಲಿ ಸೈಕಲ್ಲಿನಿಂದ ಇಳಿಯಬಾರದು, ಯಾರ ನೆರವನ್ನೂ ಪಡೆಯಬಾರದು. ಇದು ನನ್ನ ನಿಯಮ. ಟಿಕೋಟಾ ದಾಟಿ, ಕಳ್ಳಕವಟಗಿಯಿಂದ ಮಹಾರಾಷ್ಟ್ರದ ಗಡಿ ಕಡೆಗೆ ಹೋಗುವ ರಸ್ತೆಯ ಒಂದು ಏರು ಮಾತ್ರ ಪ್ರತಿ ಸಲವೂ ನನ್ನನ್ನು ಇಳಿಸಿ ನಡೆಸಿತ್ತು.

ಆ ಭಾನುವಾರ ಇನ್ನೇನು ತುದಿ ಬಂತು ಅನ್ನುವಷ್ಟರಲ್ಲಿ ಸೈಕಲ್ ತಾನಾಗಿಯೇ ಓಡತೊಡಗಿತು. ತಿರುಗಿ ನೋಡಿದರೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಬಂದ ರೈತನೊಬ್ಬ, ಪೆಟ್ರೋಲ್ ಮುಗಿದ ಗಾಡಿಯನ್ನು ದೂಡುವಂತೆ ನನ್ನ ಕ್ಯಾರಿಯರಿಗೆ ಕಾಲು ಕೊಟ್ಟಿದ್ದ.

"ಕಾಲು ತೆಗೀರಿ!" ಎಂದು ಕೂಗಿದೆ.

"ಇರ್ಲಿ ಬಿಡ್ರಿ ಸರ, ನಮಗೇನ್ ತ್ರಾಸಿಲ್ಲ" ಎಂದವನು ತುದಿ ಮುಟ್ಟಿಸಿಯೇ ಬಿಟ್ಟ.

ನಾನು ಸೈಕಲ್ ತಿರುಗಿಸಿ ಮತ್ತೆ ಏರಿನ ಬುಡಕ್ಕೇ ಇಳಿದೆ. ಗಾಬರಿಯಾಗಿ ಅವರೂ ಹಿಂದೆಯೇ ಬಂದರು.

"ಏನರ ಬಿತ್ತೇನ್ರಿ?" ಎಂದ ಆತ.

"ಏನೂ ಬಿದ್ದಿಲ್ಲ. ನಾನೇ ಹತ್ತಬೇಕು."

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕು, ಗಂಡನಿಗೆ ಹೇಳಿದಳು: "ನಿಮ್ಮಂಗ ಇವ್ರೂ ಹಟಮಾರಿ ಅದಾರ ನೋಡ್ರಿ. ಮ್ಯಾಲ ಮುಟ್ಟೂತನಕ ಜೋಡೀನ ಹೋಗೂಣು ನಡೀರಿ."

ಎರಡನೇ ಸಲ ಹತ್ತುವಾಗ ಆತ ಪಕ್ಕದಲ್ಲೇ ಗಾಡಿ ನಿಧಾನ ಬಿಡುತ್ತ, "ತುಳೀರಿ ಸರ, ಬಂತ್ ನೋಡ್ರಿ!" ಎನ್ನುತ್ತಿದ್ದ. ಇನ್ನೊಬ್ಬ ಬೈಕಿನವನು ನೆರವಿಗೆಂದು ಕಾಲು ಚಾಚಿದಾಗ ಆಕೆಯೇ ಗದರಿದಳು: "ಏ ಯಪ್ಪಾ, ಕಾಲ್ ಹಚ್ಚಬ್ಯಾಡ! ಮತ್ತ ಕೆಳಗಿಳೀತಾರ ಇವ್ರು!"

ತುದಿ ತಲುಪಿದಾಗ ಮೂವರೂ ಒಟ್ಟಿಗೆ ಕೂಗಿದೆವು. ಬೇವಿನ ನೆರಳಲ್ಲಿ ಆಕೆ ಬುತ್ತಿ ಬಿಚ್ಚಿದಳು. ಆತ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ನಗದೆ ಕೇಳಿದ: "ಸರ, ಇದನ್ನರ ನಾವು ಕೊಡಬಹುದೋ, ಇದನ್ನೂ ನೀವೇ ಬಡೀತೀರೋ?"

ರೊಟ್ಟಿ ಬಡಿಯುವುದು ಆ ಏರಿಗಿಂತ ಕಷ್ಟವೆಂದು ಬಲ್ಲೆ. ಕೈ ಚಾಚಿದೆ.