ಎರಡು ಹನಿ ಎದೆಹಾಲು

ನನ್ನ ಮಗಳು ಏಳನೇ ತಿಂಗಳಿಗೇ ಹುಟ್ಟಿದಳು. ತಿಂಗಳು ತುಂಬದ ಮಗು, ಕಣ್ಣಿನೊಳಗೆ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತಿವೆ, ಬಿಟ್ಟರೆ ದೃಷ್ಟಿ ಹೋಗುತ್ತದೆ ಎಂದು ಚಿತ್ರದುರ್ಗದ ಡಾಕ್ಟರಮ್ಮ ಎರಡೂ ಕಣ್ಣಿಗೆ ಇಂಜೆಕ್ಷನ್ ಕೊಟ್ಟರು. ಕಣ್ಣಿಗೆ ಸೂಜಿ! ನಾನು ಬಾಗಿಲ ಹೊರಗೇ ನಿಂತಿದ್ದೆ. ‘ನಾನು ಕೊಟ್ಟ ಡ್ರಾಪ್ಸ್ ಬಿಟ್ಟು ಬೇರೇನೂ ಹಾಕಬಾರದು’ ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಗಂಡನ ಊರು ಹರಿಯಬ್ಬೆಗೆ ಬಂದ ದಿನವೇ ಅತ್ತೆಯ ಮೇಲೆ ರೇಗಿದೆ. ಅವರ ಕೈಯಲ್ಲಿ ಕಾಡಿಗೆ ಡಬ್ಬಿ ಕಂಡು, ‘ನಿಮ್ಮ ಹಳೇ ಪದ್ಧತಿ ಎಲ್ಲ ನನ್ನ ಮಗಳ ಹತ್ರ ಬ್ಯಾಡ’ ಅಂದುಬಿಟ್ಟೆ. ಕೆನ್ನೆಗೊಂದು ದೃಷ್ಟಿಬೊಟ್ಟು ಇಡಲು ತಂದಿದ್ದರಂತೆ. ಪಾಪ, ಡಬ್ಬಿಯನ್ನು ಗೂಡಿನಲ್ಲಿಟ್ಟರು.

ಮಾರನೆಯ ದಿನ ಬಲಗಣ್ಣು ಕೆಂಪಾಯಿತು. ಡ್ರಾಪ್ಸ್ ಹಾಕಿದರೆ ಮಗು ಉಸಿರುಗಟ್ಟುವಂತೆ ಅಳುತ್ತಿತ್ತು. ಕಣ್ಣು ಕೆಂಪಾದರೆ ನಮ್ಮ ಕಡೆ ಎದೆಹಾಲು ಬಿಡುತ್ತಾರೆ. ನನಗೂ ಅಮ್ಮ ಬಿಟ್ಟಿದ್ದಳಂತೆ. ನನ್ನ ಹಾಲು, ನನ್ನ ಮಗು, ಏನಾದೀತು? ಕೋಣೆಯ ಬಾಗಿಲು ಹಾಕಿಕೊಂಡು ಎರಡು ಹನಿ ಹಿಂಡಿದೆ. ಅಳು ನಿಂತಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮೂರನೆಯ ಬೆಳಿಗ್ಗೆ ರೆಪ್ಪೆ ಊದಿ ಕೀವು ಮೆತ್ತಿತ್ತು. ಬಿಡಿಸಿ ನೋಡಿದರೆ ಕಪ್ಪುಗುಡ್ಡೆಯ ಮೇಲೆ ಬೂದಿಬಣ್ಣದ ಮಬ್ಬು. ಅತ್ತೆಯೊಂದಿಗೆ ಚಿತ್ರದುರ್ಗದ ಬಸ್ಸು ಹತ್ತಿದೆ. ಐಮಂಗಲ ದಾಟಿದ್ದೂ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಆ ಕಣ್ಣನ್ನೇ ನೋಡುತ್ತಿದ್ದೆ.

‘ಏನು ಹಾಕಿದ್ರಿ ಇದಕ್ಕೆ?’ ಡಾಕ್ಟರಮ್ಮ ಕೇಳಿದರು.

‘ಏನೂ ಇಲ್ಲ’ ಅಂದೆ.

‘ನಿಜ ಹೇಳ್ರಿ. ಒಳಗೆ ಸೋಂಕು ಇಳಿದೈತೆ.’

ಹಿಂದಿನಿಂದ ಅತ್ತೆ ಅಂದರು: ‘ನಾನೇ ಕಣಮ್ಮ ಕಣ್ಣಿಗೆ ಎದೆಹಾಲು ಹಾಕ್ಸಿದೋಳು. ಈ ಹುಡ್ಗಿ ಬ್ಯಾಡ ಅಂದ್ಲು, ನಾನು ಕೇಳ್ಲಿಲ್ಲ.’

ನಾನು ಹಾಲು ಹಿಂಡಿದ್ದನ್ನು ಕಿಟಕಿಯಿಂದ ನೋಡಿದ್ದರೋ ಏನೋ. ಎಲ್ಲರೆದುರು ಬೈಸಿಕೊಂಡು ತಲೆತಗ್ಗಿಸಿ ನಿಂತರು. ನಾನು ತುಟಿ ಬಿಚ್ಚಲಿಲ್ಲ. ಹೊರಗೆ ಬಂದ ಮೇಲೆ, ‘ಯಾಕತ್ತೆ?’ ಎಂದೆ.

‘ನಾಳೆ ಏನಾದ್ರೂ ಆದ್ರೆ ಊರೋರು ಬಿಡ್ತಾರೇನೇ ನಿನ್ನ? ಸುಮ್ಕಿರು.’

ಸೂಜಿ, ಆಪರೇಷನ್ ಎಲ್ಲ ಆಯಿತು. ಎಡಗಣ್ಣು ಉಳಿಯಿತು. ಮಗಳಿಗೀಗ ಮೂರು ವರ್ಷ. ದಿನಾ ಬೆಳಿಗ್ಗೆ ಅವಳ ಎಡಗಣ್ಣು ಮುಚ್ಚಿ ನೋಡುತ್ತೇನೆ, ಇವತ್ತಾದರೂ ಏನಾದರೂ ಕಂಡೀತೇ ಎಂದು. ಎದುರಿಗೇ ನಿಂತ ಅಜ್ಜಿಯನ್ನು ಅವಳು ಕೈಚಾಚಿ ತಡಕುತ್ತಾಳೆ.

ಊರಿನವರು ಇವತ್ತಿಗೂ ಅತ್ತೆಯನ್ನೇ ಬೈಯುತ್ತಾರೆ. ಬಾಯಿ ಬಿಡಲು ನನಗೆ ಇನ್ನೂ ಭಯ.